ಹೊಸ ಟ್ರ್ಯಾಕ್ಟರಿನ ಮುಂಭಾಗ ಕುಸಿದ ಬಗ್ಗೆ ತಾಯಿಯ ಹೇಳಿಕೆ

ನಾನು, ಎಲ್ಲರೂ ಶೆಡ್ಡಿನ ದೊಡ್ಡಮ್ಮ ಎಂದು ಕರೆಯುವವಳು, ವಯಸ್ಸು ಅರವತ್ತನಾಲ್ಕು, ಹೈಸ್ಕೂಲು ಓದಿದವಳು, ಕಸುಬು ದೊಡ್ಡ ಟ್ರ್ಯಾಕ್ಟರುಗಳನ್ನು ಉಳುಮೆಗೆ ಬಾಡಿಗೆ ಕೊಡುವುದು, ವಾಸ ರಿಪೇರಿ ಶೆಡ್ಡಿಗೆ ಹೊಂದಿಕೊಂಡ ಮನೆ, ನನ್ನ ಕಿರಿಯ ಮಗನ ಸಾವಿನ ಬಗ್ಗೆ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ ಬರೆಸುತ್ತಿರುವುದು ಹೀಗಿದೆ.

ನನ್ನ ಹಿರಿಯ ಮಗ ಟ್ರ್ಯಾಕ್ಟರ್ ಓಡಿಸುತ್ತಾನೆ. ಕಿರಿಯವನು ರಿಪೇರಿ ಮಾಡುತ್ತಿದ್ದ. ನಮ್ಮ ಹಳೆಯ ಟ್ರ್ಯಾಕ್ಟರುಗಳಿಗೆ ಮುಂದೆ ಕುಲುಕಾಟ ತಡೆಯುವ ಸಸ್ಪೆನ್ಶನ್ ಇಲ್ಲ, ಚಕ್ರಗಳ ಆಕ್ಸಲ್ಲನ್ನು ಗಾಡಿಯ ಮೈಗೇ ಜೋಡಿಸಿರುತ್ತಾರೆ. ಇಂಜಿನ್ ಆರಿಸಿ, ಬೇರೆ ಯಾರೂ ಚಾಲೂ ಮಾಡದಂತೆ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಅಡಿಗೆ ತೂರುವುದು ನಮ್ಮ ಶೆಡ್ಡಿನ ಪದ್ಧತಿ. ಕಳೆದ ವರ್ಷ ಕೊಂಡ ದೊಡ್ಡ ಟ್ರ್ಯಾಕ್ಟರು ಹಾಗಲ್ಲ. ಅದರ ಮುಂದಿನ ಭಾರವನ್ನು ಎರಡು ಸಿಲಿಂಡರುಗಳಲ್ಲಿರುವ ಎಣ್ಣೆ ಎತ್ತಿ ಹಿಡಿದಿರುತ್ತದೆ. ಇಂಜಿನ್ ಆರಿಸಿದರೂ ಎಣ್ಣೆಯ ಒತ್ತಡ ಒಳಗೇ ಇರುತ್ತದೆ. ಆ ಎಣ್ಣೆಯ ಪೈಪು ಸಡಿಲಿಸುವ ಮೊದಲು ಮುಂಭಾಗವನ್ನು ಪೂರ್ತಿ ಕೆಳಗಿಳಿಸಿ ಒತ್ತಡ ಬಿಡಬೇಕು ಎಂದು ಟ್ರ್ಯಾಕ್ಟರು ಮಾರಿದವರು ನಮ್ಮ ಅಂಗಳದಲ್ಲೇ ತೋರಿಸಿದರು. ಆಗ ಹಿರಿಯವನಿದ್ದ, ನಾನೂ ಇದ್ದೆ. ಕಿರಿಯವನು ಹೊರಗೆ ಬರಲಿಲ್ಲ. ಅಮ್ಮ ಅಣ್ಣಂಗೆ ತೊಟ್ಟಿಲು ತಂದಿದ್ದಾಳೆ, ತೂಗೋದನ್ನ ನಾನ್ಯಾಕೆ ನೋಡ್ಲಿ ಎಂದ. ನಿನ್ನ ಕೈಗೆ ಸುತ್ತಿಗೆ ಕೊಟ್ರೆ ಗಡಿಯಾರಾನೂ ಕುಟ್ಟಿ ರಿಪೇರಿ ಮಾಡ್ತೀಯ ಬಿಡು ಎಂದು ಹಿರಿಯವನು ಅಂದ. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು.

ಮಾತು ನಿಂತರೂ ಕೆಲಸ ನಿಲ್ಲಲಿಲ್ಲ. ಏನು ಹೇಳುವುದಿದ್ದರೂ ನನಗೆ ಹೇಳುತ್ತಿದ್ದರು. ಎದುರೆದುರು ಊಟಕ್ಕೆ ಕೂತು, ಅಮ್ಮ, ಉಪ್ಪು ಈ ಕಡೆ ಸರಿಸೋಕೆ ಹೇಳು ಎನ್ನುತ್ತಿದ್ದರು. ನಾನು ಹೇಳಿದ ಮೇಲೆಯೇ ಇನ್ನೊಬ್ಬನು ಸರಿಸುತ್ತಿದ್ದ. ನಾನೇನು ನಿಮ್ಮಿಬ್ಬರ ಟೆಲಿಫೋನ್ ತಂತಿಯಾ ಎಂದು ಗದರಿದರೆ ಇಬ್ಬರೂ ನಗುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಈ ತಿಂಗಳು ಹದಿನಾಲ್ಕರಂದು ಬೆಳಿಗ್ಗೆ ಹತ್ತು ಗಂಟೆಗೆ ಹಿರಿಯವನು ಹೊಲದಿಂದ ಟ್ರ್ಯಾಕ್ಟರು ತಂದು, ಎಡಗಡೆ ಸಿಲಿಂಡರಿನ ಪೈಪಿನಲ್ಲಿ ಎಣ್ಣೆ ಜಿನುಗುತ್ತಿದೆ ಎಂದು ನನಗೆ ಹೇಳಿದ. ನಾನು ಕಿರಿಯವನಿಗೆ ಹೇಳಿದೆ. ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಆಕ್ಸಲ್ಲಿಗೂ ಗಾಡಿಯ ಮೈಗೂ ನಡುವಿನ ಸಂದಿಯಲ್ಲಿ ತಲೆ ತೂರಿಸಿದ. ಹಿರಿಯವನು ಮುಂಚಕ್ರದ ಪಕ್ಕ, ಅವನಿಂದ ನಾಲ್ಕಡಿ ದೂರದಲ್ಲಿ ನಿಂತಿದ್ದ. ನಾನು ಒಲೆಯ ಮೇಲಿನ ಹಾಲು ನೋಡಲು ಅಡುಗೆಮನೆಗೆ ಹೋದೆ. ಶೆಡ್ಡಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ.

ಅಮ್ಮಾ, ಮೊದಲು ಮುಂದಿನದನ್ನ ಇಳಿಸೋಕೆ ಹೇಳು ಅವನಿಗೆ ಎಂದು ಹಿರಿಯವನು ಹೇಳಿದ್ದು ನನಗೆ ಕೇಳಿಸಿತು. ಅಮ್ಮಾ, ಕೀಲಿ ನನ್ನ ಜೇಬಲ್ಲೇ ಇದೆ, ನನ್ನ ಕೆಲಸ ನಂಗೆ ಗೊತ್ತು ಅಂತ ಹೇಳು ಎಂದು ಕಿರಿಯವನು ಅಡಿಯಿಂದಲೇ ಉತ್ತರ ಕೊಟ್ಟ. ಅಮ್ಮಾ, ಬೇಗ ಬಾ, ಅವನು ಪೈಪಿಗೆ ಸ್ಪ್ಯಾನರ್ ಹಾಕ್ತಿದಾನೆ ಎಂದು ಹಿರಿಯವನು ಕೂಗಿದ. ನಾನು ಒಲೆ ಆರಿಸಿ ಬಾಗಿಲಿಗೆ ಬರುವಷ್ಟರಲ್ಲಿ ಎಣ್ಣೆ ಚಿಮ್ಮಿದ ಸದ್ದಾಯಿತು. ಟ್ರ್ಯಾಕ್ಟರಿನ ಮುಂಭಾಗ ನಾಲ್ಕು ಬೆರಳಿನಷ್ಟು ಇಳಿದಿತ್ತು. ಅಷ್ಟೇ. ಆಗ ಹಿರಿಯವನು ತಮ್ಮನ ಹೆಸರು ಹಿಡಿದು ಕೂಗಿದ. ಕೂಗುತ್ತಲೇ ಜಾಕ್ ಹಾಕಿ ಎತ್ತಿದ. ಆಸ್ಪತ್ರೆಗೆ ಒಯ್ಯುವಂಥದ್ದೇನೂ ಉಳಿದಿರಲಿಲ್ಲ. ಆದರೂ ಒಯ್ದೆವು.

ಕಿರಿಯವನ ಹೆಂಡತಿ ಆಗ ಕೆಲಸಕ್ಕೆ ಹೋಗಿದ್ದಳು. ಭಾವ ಎಲ್ಲ ಗೊತ್ತಿದ್ದೂ ಬೇಕೆಂದೇ ಸುಮ್ಮನೆ ನಿಂತು ನೋಡಿದರು ಎಂದು ದೂರು ಕೊಟ್ಟಿದ್ದಾಳೆ. ಹಿರಿಯವನು ನಿನ್ನೆ ಸಂಜೆಯಿಂದ ಠಾಣೆಯಲ್ಲಿದ್ದಾನೆ, ಏನು ಕೇಳಿದರೂ ಹೌದು ಎನ್ನುತ್ತಿದ್ದಾನೆಂದು ಇಲ್ಲಿ ತಿಳಿಯಿತು. ಅವನಿಗೆ ಗೊತ್ತಿತ್ತು ಎಂಬುದು ನಿಜ. ಸುಮ್ಮನೆ ನಿಂತಿದ್ದ ಎಂಬುದು ಸುಳ್ಳು. ಅವನು ಎಚ್ಚರಿಸಿದ. ಕಿರಿಯವನಿಗೆ ಅದು ಕೇಳಿಸಿತ್ತು, ಕೇಳಿಸದಿದ್ದರೆ ಉತ್ತರ ಕೊಡುತ್ತಿರಲಿಲ್ಲ.

ಸತ್ತವರ ಮೇಲೆ ತಪ್ಪು ಹೊರಿಸ್ತೀರಾ ಅತ್ತೆ, ಅಷ್ಟು ಹತ್ರ ನಿಂತೋರಿಗೆ ಕಾಲು ಹಿಡಿದು ಎಳೆಯೋಕೂ ಆಗ್ಲಿಲ್ವಾ ಎಂದು ಸೊಸೆ ನಿನ್ನೆ ರಾತ್ರಿ ಕೇಳಿದಳು. ನೀವು ಈ ಹೇಳಿಕೆ ಕೊಟ್ಟರೆ ನನ್ನ ಮಗುವನ್ನು ಕರೆದುಕೊಂಡು ಹೋಗುತ್ತೇನೆ, ಮತ್ತೆ ಈ ಹೊಸಿಲು ತುಳಿಯುವುದಿಲ್ಲ ಎಂದಳು. ನಾನು ಹೊರಡುವಾಗ ಮಗುವಿನ ಬಟ್ಟೆ ಮಡಚುತ್ತಿದ್ದಳು. ನಾನು ತಡೆಯಲಿಲ್ಲ.

ಆಕಸ್ಮಿಕ ಎಂದು ಬರೆದುಕೊಳ್ಳಲೇ ಎಂದು ಸಬ್ ಇನ್ಸ್‌ಪೆಕ್ಟರ್ ಕೇಳಿದರು. ನನ್ನ ಬಾಯಲ್ಲಿ ಆ ಪದ ಬಂದಿಲ್ಲ, ಅವರಿಬ್ಬರೂ ಆಡಿದ ಮಾತು ಹೇಗಿತ್ತೋ ಹಾಗೇ ಬರೆಯಿರಿ ಎಂದೆ. ಅಂದು ಒಬ್ಬರಿಗೊಬ್ಬರು ತಲುಪಿಸಲೆಂದು ನನಗೆ ಕೊಟ್ಟ ಆ ಮಾತುಗಳನ್ನು ನಾನು ಯಾರಿಗೂ ತಲುಪಿಸಿಲ್ಲ.

ಬರೆದದ್ದನ್ನು ನಾನೇ ಓದಿದ್ದೇನೆ. ಇದರಲ್ಲಿರುವುದೆಲ್ಲ ನಡೆದದ್ದೇ, ನಾನು ಸೇರಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳು ಹದಿನೇಳು

(ಸಹಿ)
ಮೃತನ ತಾಯಿ, ಆರೋಪಿಯ ತಾಯಿ