ಓಡಿಸ್ತಿದ್ದೋರು ಯಾರು?

ಲೈಟ್ ಇರ್ಲಿ, ಆರಿಸ್ಬೇಡ ಕಣೆ ಇಂಚರಾ. ಇದು ಕಟ್ಟಿದ ಕತೆಯಲ್ಲ. ನಮ್ಮ ಚಿಕ್ಕವ್ವನ ಮಗ ಮಣಿಕಂಠ ಅವ್ನಲ್ಲ, ಅಗರದೋನು, ಅವನಿಗೇ ಆದದ್ದು.

ಆವತ್ತು ರಾತ್ರಿ ಯಳಂದೂರಿಂದ ನಡ್ಕಂಡೇ ಬತ್ತಿದ್ದ. ಕೊನೇ ಬಸ್ಸು ಓಗ್ಬಿಟ್ಟಿತ್ತು. ಊರ ಹತ್ರದ ಆಲದಮರ ಬಂತು. ಅವನ ಚಪ್ಪಲಿ ಸದ್ದು ಬಿಟ್ರೆ ಏನೂ ಇಲ್ಲ... ಪಟಕ್, ಪಟಕ್. ನಾಯಿನೂ ಬೊಗಳ್ತಿಲ್ಲ. ಆ ಮರ ದಾಟೋಕೇ ಅವನಿಗೆ ಮನಸ್ಸಿಲ್ಲ. ಯಾಕೆ ಅಂದ್ರೆ, ಹಿಂದಿನ ದಿನ ಮುಸ್ಸಂಜೇಲಿ ಅದೇ ಮರದ ಮುಂದೆ ದೊಡ್ಡಮಾದಮ್ಮ ಸತ್ತಿದ್ಲು. ಇವನು ಕಣ್ಣಾರೆ ಕಂಡಿದ್ದ.

ದೊಡ್ಡಮಾದಮ್ಮ ಮಾಡಿದ್ದು ನಾವೆಲ್ಲ ಮಾಡೋ ಕೆಲ್ಸವೇ. ಹುರುಳಿ ಕಿತ್ತು ತಂದು ಟಾರ್ ರೋಡಿಗೆ ಹರಡಿದ್ಲು. ಬಸ್ಸು ಲಾರಿ ತುಳಿದ್ರೆ ಒಕ್ಕಣೆ ತಾನೇ ಆಯ್ತದೆ. ಕಾಯೋಕೆ ಅಂತ ಅಲ್ಲೇ ಕೂತೋಳು, ಸುಸ್ತಾಗಿ ಗೋಣಿಚೀಲ ಹೊದ್ದು ಸೊಪ್ಪಿನ ಮೇಲೇ ಮಲಗ್ಬಿಟ್ಟಿದ್ಲು. ತಪ್ಪೇ, ತಪ್ಪಲ್ಲ ಅನ್ನಲ್ಲ ನಾನು. ಆದ್ರೆ ಈ ಕಡೆ ಡ್ರೈವರ್‌ಗಳಿಗೆಲ್ಲ ಗೊತ್ತು, ರೋಡಲ್ಲಿ ಹುರುಳಿ ಕಂಡ್ರೆ ಹತ್ರದಲ್ಲೇ ಒಂದು ಜೀವ ಇರ್ತದೆ ಅಂತ. ಹಾರ್ನ್ ಹೊಡ್ದು, ನಿಧಾನ ಮಾಡ್ಕಂಡು ಓಯ್ತಾರೆ.

ಆ ಕಾರಿಗೆ ಗೊತ್ತಿರ್ಲಿಲ್ಲ. ಕ್ವಾರಿ ಸಾವ್ಕಾರ ಶಿವಪ್ರಕಾಶನ ಹೊಸ ಕಾರು ಅದು. ತಾನೇ ಬ್ರೇಕ್ ಹಾಕ್ಕತದಂತೆ, ತಾನೇ ಸ್ಟೇರಿಂಗ್ ತಿರುಗಿಸ್ಕತದಂತೆ. ಮಣಿಕಂಠ ಅವನ ಡ್ರೈವರ್ರು. ಅವತ್ತು ಮಾತ್ರ ಸಾವ್ಕಾರನೇ ಸ್ಟೇರಿಂಗ್ ಮುಂದೆ ಕೂತಿದ್ದ, ಇವನು ಪಕ್ಕದಲ್ಲಿ. ಸಾವ್ಕಾರ ಎರಡೂ ಕೈ ಬಿಟ್ಟು ಫೋನಲ್ಲಿ ವಿಡಿಯೋ ನೋಡ್ತಾ, "ನೋಡ್ಲಾ ಮಣಿ, ಇನ್ನು ನಿನ್ ಕೆಲ್ಸ ಓಯ್ತು" ಅಂತ ನಗ್ತಿದ್ನಂತೆ. ಅಷ್ಟರಲ್ಲಿ... ಚಕ್ರದಡೀಲಿ ಸರ್ರ್ ಅಂತ ಹುರುಳಿ ಸದ್ದು. ಆಮೇಲೆ ದಡಕ್. ಒಂದೇ ಸಲ. ಬ್ರೇಕ್ ಬೀಳ್ಲೇ ಇಲ್ಲ.

ಥೂ, ಆಮೇಲಿನ್ದು ಹೇಳೋಕೇ ಅಸಹ್ಯ ಆಯ್ತದೆ. ಮಾರನೇ ದಿನ ಕಾರ್ ಕಂಪನಿಯೋನು ಬಂದ. ಸಾವ್ಕಾರನ ಜಗಲಿ ಮೇಲೆ ಕಾಫಿ ಕುಡೀತಾ ಇಬ್ರೂ ಕಿತ್ತಾಡಿದ್ರು.

"ಕೈ ಬಿಟ್ರೂ ಓಯ್ತದೆ ಅಂತ ತಾನೆ ಮಾರಿದ್ದು?" ಅಂದ ಸಾವ್ಕಾರ.

"ಕೈ ಸ್ಟೇರಿಂಗ್ ಮೇಲೇ ಇರಬೇಕು ಅಂತಾನೂ ಹೇಳಿದ್ವಿ ಸಾರ್. ಜವಾಬ್ದಾರಿ ಓಡಿಸೋರದ್ದು" ಅಂದ ಕಂಪನಿಯೋನು.

"ಓಡಿಸ್ತಿದ್ದದ್ದು ನಿನ್ ಕಾರು ಕಣಯ್ಯ."

ಕೊನೆಗೆ ಇಬ್ರೂ ಒಂದು ಮಾತಿಗೆ ಒಪ್ಪಿದ್ರು, ರೋಡಲ್ಲಿ ಮಲಗಿದ್ದೋಳ್ದೇ ತಪ್ಪು ಅಂತ. ಹೆಣ ಇನ್ನೂ ಆಸ್ಪತ್ರೇಲಿತ್ತು ಕಣವ್ವಾ. ಅವಳ ಹೆಸ್ರೇನು ಅಂತ ಒಬ್ಬನೂ ಕೇಳ್ಲಿಲ್ಲ. ಇಂಥೋರ ಮುಖಕ್ಕೆ ಉಗುದ್ರೆ ಉಗುಳು ದಂಡ.

ಕಂಪನಿಯೋನು ಎದ್ದೋದ್ಮೇಲೆ ಸಾವ್ಕಾರ ಮಣಿಕಂಠನ ಹೆಗಲ ಮೇಲೆ ಕೈ ಹಾಕ್ದ. "ಬೆಳಗ್ಗೆ ಸ್ಟೇಷನ್‌ಗೆ ಬಾ. ಯಾರೇ ಕೇಳ್ಲಿ, ನಾನೇ ಓಡಿಸ್ತಿದ್ದೆ ಅನ್ನು. ಬೇಲ್ ನಾನು ಕೊಡಿಸ್ತೀನಿ. ನಿನ್ ಸಂಸಾರ ನಂದು." ಇವನು ಅವನ ಉಪ್ಪು ತಿಂದೋನು, ತಲೆ ಆಡಿಸ್ದ. ಸಾವ್ಕಾರ ಅಷ್ಟಕ್ಕೇ ಬಿಡ್ಲಿಲ್ಲ. ಗಿಣಿಗೆ ಕಲಿಸ್ದಂಗೆ ಅದೇ ಮಾತ್ನ ಮತ್ತೆ ಮತ್ತೆ ಹೇಳಿಸ್ದ. ಆವತ್ತು ರಾತ್ರಿ ಯಳಂದೂರಿಂದ ದಾರಿಯುದ್ದಕ್ಕೂ ಮಣಿ ಅದನ್ನೇ ಗೊಣಗ್ತಾ ಬಂದ.

ಮರದ ಕೆಳಗೆ... ಮೊರದಲ್ಲಿ ಕಾಳು ಕೇರೋ ಸದ್ದು. ಚರ್... ಚರ್... ಚರ್. ಯಾರೋ ಮುದುಕಿ, ಬೆನ್ನು ಹಾಕ್ಕಂಡು ಕೂತವ್ಳೆ. ಇವನು ಉಸ್ರು ಬಿಗಿ ಹಿಡ್ದು ದಾಟ್ತಿದ್ದ. ಕೇರೋದು ನಿಂತ್ಕತು.

"ಯಾರಪ್ಪಾ... ಓಡಿಸ್ತಿದ್ದೋರು?" ಪಿಸುಮಾತು.

ಬಾಯಿ ತಾನಾಗೇ ಅಂದ್ಬಿಡ್ತು. "ನಾನೇ ಓಡಿಸ್ತಿದ್ದೆ."

"ನೀನೇಯಾ?"

"ನಾನೇ..."

"ಸರಿ ಬುಡು ಮಗಾ. ಗೊತ್ತಾಯ್ತು."

ಅಷ್ಟೇ. ತಿರುಗಿ ನೋಡಿದ್ರೆ ಬರೀ ಮರ.

ಪ್ರೇಮಾ, ಅವನ ಹೆಂಡ್ತಿ, ಒಬ್ಳೇ ಹೆದರ್ತಾಳೆ ಅಂತ ನಾನು ಅವರ ಮನೇಲೇ ಇದ್ದೆ. ಎದ್ನೋ ಬಿದ್ನೋ ಅಂತ ಓಡ್ಬಂದು ಎಲ್ಲಾನೂ ಹೇಳ್ದ. ಪ್ರೇಮಾ ಅತ್ಲು. ನಾನು ಚೆನ್ನಾಗಿ ಬೈದೆ. "ಬೆಳಗ್ಗೆ ಓಗಿ ನಿಜ ಹೇಳ್ಲಾ, ಅವನ ಪಾಪ ಅವನೇ ಹೊರ್ಲಿ" ಅಂದೆ. ಹೇಳ್ದ ಕಣೆ. ಪೊಲೀಸ್ನೋರು ನಂಬಿದ್ರು, ಕೇಸು ಸಾವ್ಕಾರನ ಮೇಲಾಯ್ತು. ಸಾವ್ಕಾರ ಈಗ್ಲೂ ಕಂಪನಿ ಕಡೆ ಬೆಟ್ಟು ಮಾಡ್ತಾನೆ, ಕಂಪನಿಯೋನು ಸಾವ್ಕಾರನ ಕಡೆ. ನಾಚಿಕೆಗೆಟ್ಟವು. ನಾನು ಮಾಡ್ದೆ ಅಂತ ಬಾಯಿ ಬಿಟ್ಟೋನು ಇವನೊಬ್ನೇ, ಅದೂ ಸುಳ್ಳು. ಆ ಸುಳ್ಳನ್ನ ಆ ಮರದಡಿಯೋಳು ನಂಬ್ಕಂಡ್ಬಿಟ್ಟವ್ಳೆ.

ಹೆಂಗೆ ಗೊತ್ತು ಅಂತೀಯಾ? ಸ್ಟೇಷನ್‌ಗೆ ಓಗ್ಬಂದ ದಿನ ರಾತ್ರಿ ಅವನು ನಡುಮನೇಲಿ ಮಲಗಿದ್ದ. ನಾನು ಬಾಗ್ಲಿಗೆ ಅಡ್ಡಡ್ಡ ಮಲಗಿದ್ದೆ, ಎಲ್ಲಾದ್ರೂ ಎದ್ದು ಓಡ್ಬಿಟ್ಟಾನು ಅಂತ. ಬೆಳಗ್ಗೆ ಹಾಲಿನೋನು ಬಾಗ್ಲು ಬಡ್ದ. "ಅವ್ವಾ, ಮಣಿ ಯಾಕೆ ರೋಡಲ್ಲಿ ಮಲಗವ್ನೆ?" ಓಡಿ ನೋಡಿದ್ವಿ. ಮರದ ಮುಂದೆ, ಟಾರ್ ಮೇಲೆ, ತಲೆ ತುಂಬ ದುಪ್ಪಟಿ ಹೊದ್ದು ಮಲಗವ್ನೆ. ಎಬ್ಬಿಸಿದ್ರೆ ಅವನಿಗೆ ಏನೂ ಗೊತ್ತಿಲ್ಲ. ಇವತ್ತಿಗೂ ಪ್ರೇಮಾ ಅವನ ಕೈಯ ತನ್ನ ಸೆರಗಿಗೆ ಗಂಟು ಹಾಕ್ಕಂಡೇ ಮಲಗೋದು.

ನಂಬೋದು ಬಿಡೋದು ನಿನ್ನಿಷ್ಟ. ಆ ಮನೆಗೆ ಇರೋದು ಒಂದೇ ಬಾಗ್ಲು. ಒಳಗಿಂದ ಅಗಳಿ ಹಾಕಿತ್ತು. ಬೆಳಗ್ಗೆ ಅದನ್ನ ತೆಗ್ದೋಳು ನಾನೇ.