ಹೋಗಿ ಬಾ ಅಂತ ಕಳಿಸಿದ ದೋಣಿ

ಕೂತಿರಾ ಎಲ್ಲರೂ? ಎಲೆಅಡಿಕೆ ಹಾಕ್ಕೊಳ್ಳೋರು ಈಗಲೇ ಹಾಕ್ಕೊಂಡುಬಿಡಿ, ನಡುವೆ ಚೀಲ ಬಿಚ್ಚಬೇಡಿ. ಯಾವ ಸೀಮೆಯೋ ಯಾವ ಕಾಲವೋ, ಈ ಕತೆ ನನಗೆ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ. ಅಲ್ಲೊಂದು ಹೊಳೆ. ಹೊಳೆಗೊಂದು ಕಡವು. ಕಡವಿಗೊಬ್ಬ ಅಂಬಿಗ, ಬೋರಯ್ಯ ಅಂತ. ಹೆಂಡತಿ ಚೆನ್ನಾಜಮ್ಮ. ಮಕ್ಕಳಿರಲಿಲ್ಲ, ದೋಣಿ ಇತ್ತು.

ಬೋರಯ್ಯ ತನ್ನ ಬಾಳಿನಲ್ಲಿ ಇಟ್ಟುಕೊಂಡದ್ದು ಮೂರು. ನಗಬೇಡಿ, ದೋಣಿ ವಿಷಯ ಹೇಳ್ತಿದೀನಿ. ಮೊದಲನೇದು ತೊಗಲಿನ ಹರಿಗೋಲು. ಬಂಡೆಗೆ ತಾಗಿ ಹರಿದುಹೋಯ್ತು. ಅದರದೊಂದು ಬಿದಿರು ದಬ್ಬೆ ತಂದು ಗೋಡೆಗೆ ಸಿಕ್ಕಿಸಿ, ಅದರ ಮೇಲೆ ಪಂಚೆ ಒಣಗಿಸ್ತಿದ್ದ. ಎರಡನೇದು ಮಾವಿನಮರದ ಸಣ್ಣ ದೋಣಿ. ಪ್ರವಾಹದಲ್ಲಿ ಒಡೆದುಹೋಯ್ತು. ಉಳಿದ ಹಲಗೆ ಮನೆಗೆ ಹೊಸ್ತಿಲಾಯ್ತು. ಮೂರನೇದು ಹೊನ್ನೇಮರದ ದೊಡ್ಡ ದೋಣಿ. ಅದಕ್ಕೆ ಹೊನ್ನಿ ಅಂತ ಹೆಸರು. ಇಪ್ಪತ್ತೆರಡು ವರ್ಷ ಅವನ ಜೊತೆಗಿದ್ದಳು.

ಉಣ್ಣೋಕೆ ಕೂತರೆ ಅದೇ ಮಾತು. ಹರಿಗೋಲು ಸುತ್ತುತ್ತಿದ್ದ ಚೆಂದ, ಮಾವಿನ ದೋಣಿ ಓಡುತ್ತಿದ್ದ ಚೆಂದ, ಹೊನ್ನಿ ಎಡಕ್ಕೆ ವಾಲೋ ಚೆಂದ. ಚೆನ್ನಾಜಮ್ಮ ಮುದ್ದೆ ಬಡಿಸುತ್ತಾ ಅನ್ನೋಳು, "ಗೋಡೇಲೊಬ್ಬಳು, ಹೊಸ್ತಿಲಲ್ಲೊಬ್ಬಳು, ಹೊಳೇಲೊಬ್ಬಳು. ಮೂರು ಜನ ಸವತೀರ ಮಧ್ಯೆ ಸಂಸಾರ ಮಾಡ್ತಾ ಇದೀನಿ ಕಣಯ್ಯ." ಅನ್ನೋದೇನೋ ಅನ್ನೋಳು, ಹಬ್ಬ ಬಂದರೆ ಹೊಸ್ತಿಲಿಗೆ ಅರಿಸಿನ ಒಂದು ಕೈ ಜಾಸ್ತಿಯೇ ಬಳಿಯೋಳು.

ಒಂದು ವರ್ಷ ಬೋರಯ್ಯನ ಬಲಗಡೆ ಭುಜ ಹಿಡಕೊಂತು. ಹುಟ್ಟು ಎತ್ತಿದರೆ ಕಣ್ಣಲ್ಲಿ ನೀರು. ಪಾಪ, ಊರಿನವರಾದರೂ ಎಷ್ಟು ದಿನ ಕಾಯ್ತಾರೆ? ಹೊಸ ಅಂಬಿಗನನ್ನ ಕರೆಸಿಕೊಂಡರು, ಅವನು ತನ್ನದೇ ದೋಣಿ ತಂದ. ಹೊನ್ನಿ ದಡದ ಮೇಲೆ ಬಿಸಿಲಿಗೆ ಒಣಗಿ ಸಂದು ಬಿಡತೊಡಗಿದಳು. ಅದನ್ನ ನೋಡೋಕಾಗದೆ ಬೋರಯ್ಯ ಅವಳನ್ನ ಕೊಟ್ಟುಬಿಡೋದು ಅಂತ ಮಾಡಿದ.

ಹೊಳೆಯ ಕೆಳಗಡೆ, ಅರ್ಧ ದಿನದ ದಾರಿಯಲ್ಲಿ ಇನ್ನೊಂದೂರು. ಅಲ್ಲಿ ಸಾಕಮ್ಮ ಅಂತ ಒಬ್ಬಳು, ಗಂಡ ಇಲ್ಲದೋಳು, ತೋಳಲ್ಲಿ ಕಸುವಿದ್ದೋಳು. ಆ ಊರಿಗೆ ದೋಣಿಯೇ ಇರಲಿಲ್ಲ. ಎರಡು ಆಡು, ಒಂದು ಕುಂಬಳಕಾಯಿ ಕೊಟ್ಟು ಹೊನ್ನಿಯನ್ನ ತಗೊಂಡಳು. ಬೋರಯ್ಯ ಸಂದು ಮುಚ್ಚಿ, ಹೊಂಗೆ ಎಣ್ಣೆ ಬಳಿದು, ಮೂತಿ ಸವರಿ, "ಹೋಗಿ ಬಾರವ್ವ ಹೊನ್ನಿ" ಅಂತ ಕಳಿಸಿಕೊಟ್ಟ.

ಮೂರನೇ ದಿನ ಬೆಳಿಗ್ಗೆ ಚೆನ್ನಾಜಮ್ಮ ನೀರಿಗೆ ಹೋಗ್ತಾಳೆ, ಕಡವಿನಲ್ಲಿ ಹೊನ್ನಿ! ತುಂಡಾದ ಹಗ್ಗ ನೀರಲ್ಲಿ ತೇಲ್ತಿದೆ. ಕೇಳಿ ಇಲ್ಲಿ, ನೀರು ಮೇಲಿಂದ ಕೆಳಕ್ಕೆ ಹರಿಯುತ್ತೆ, ದೋಣಿ ಕೆಳಗಿಂದ ಮೇಲಕ್ಕೆ ಬಂದಿದೆ. ಹೆಂಗೆ ಬಂತು ಅಂತ ನನ್ನ ಕೇಳಬೇಡಿ, ದೋಣಿನ ಕೇಳಿ. ಮಧ್ಯಾಹ್ನಕ್ಕೆ ಸಾಕಮ್ಮ ಬೆವರು ಸುರಿಸಿಕೊಂಡು ಬಂದಳು. "ಹಗ್ಗ ಹಳೇದಿತ್ತು ಅಂತ ಕಾಣುತ್ತೆ ಅಣ್ಣಯ್ಯ" ಅಂದಳು. ಬೋರಯ್ಯ ಮತ್ತೆ ಮೂತಿ ಸವರಿ, "ಹೋಗಿ ಬಾರವ್ವ" ಅಂದ.

ಎರಡನೇ ಸಲ ಸರಪಳಿ ಹಾಕಿ ಹುಣಸೇಮರಕ್ಕೆ ಕಟ್ಟಿದಳು. ಸರಪಳಿ ಎಳಕೊಂಡೇ ಬಂತು. "ಹೋಗಿ ಬಾರವ್ವ." ಮೂರನೇ ಸಲ ದಡಕ್ಕೆಳೆದು ಒಳಗೆ ಒರಳುಕಲ್ಲು ಇಟ್ಟಳು. ಒರಳು ಹೊತ್ತುಕೊಂಡೇ ಬಂತು.

ಬೋರಯ್ಯ ಮೇಲೆ ಮೇಲೆ "ಥೂ, ಮತ್ತೆ ಬಂದ್ಲಾ ಇವಳು" ಅಂತಿದ್ದ. ಕೈ ಮಾತ್ರ ಹೊಂಗೆ ಎಣ್ಣೆ ಹುಡುಕ್ತಿತ್ತು. ಅವನಿಗೆ ಒಳಗೊಳಗೇ ಹಬ್ಬ.

ಮೂರನೇ ಸಲ ಬಂದ ಸಾಕಮ್ಮ ಬೈಯಲಿಲ್ಲ. ಹೊಸ್ತಿಲ ಪಕ್ಕ ಕೂತುಕೊಂಡಳು.

"ನಿನ್ನೆ ನಮ್ಮೂರ ಹೆಣ್ಣುಮಗಳೊಬ್ಬಳಿಗೆ ನೋವು ಬಂತು ಅಣ್ಣಯ್ಯ. ಸೂಲಗಿತ್ತಿ ಆಚೆ ದಡದಲ್ಲಿ. ದೋಣಿ ಇಲ್ಲ. ಕಾದು ಕಾದು ಮರಳ ಮೇಲೇ ಹಡೆದಳು, ನಾವು ನಾಲ್ಕು ಜನ ಸೀರೆ ಹಿಡಿದು ಮರೆ ಮಾಡಿದ್ವಿ. ತಾಯಿ ಮಗು ಉಳಕೊಂಡ್ರು. ಮುಂದಿನ ಸಲ ಉಳೀತಾರೆ ಅಂತ ಹೆಂಗೆ ಹೇಳ್ಲಿ? ನಿನ್ನ ದೋಣಿ ನೀನೇ ಇಟ್ಕೊ, ನನ್ನ ಆಡು ಕೊಡು. ನನಗೆ ನಿಲ್ಲೋ ದೋಣಿ ಬೇಕು."

ಬೋರಯ್ಯ ಹೂಂ ಅಂದಿದ್ದರೆ ಮುಗೀತಿತ್ತು. ಹೊನ್ನಿ ಅವನ ದಡದಲ್ಲೇ ಇರ್ತಿದ್ದಳು. ಆದರೆ ಹುಟ್ಟು ಹಾಕೋರಿಲ್ಲದೆ ಒಣಗಿ ಸಾಯ್ತಿದ್ದಳು, ಆ ಊರಿಗೆ ಮತ್ತೆ ದೋಣಿ ಇರ್ತಿರಲಿಲ್ಲ.

ಚೆನ್ನಾಜಮ್ಮ ಕೇಳಿದಳು, "ಅಲ್ಲ ಕಣಯ್ಯ, ಅವಳನ್ನ ಕಳಿಸೋವಾಗ ಏನಂತೀಯ?"

"ಎಲ್ಲರೂ ಅನ್ನೋದೇ. ಹೋಗಿ ಬಾ ಅಂತೀನಿ."

"ಮತ್ತೆ ಹೋಗಿ ಬರ್ತಾಳೆ. ಅವಳ ತಪ್ಪೇನು? ಹೋಗು ಅನ್ನು."

ಮೂರು ಜನವೂ ಕಡವಿಗೆ ಬಂದರು. ಬೋರಯ್ಯ "ಹೋ..." ಅಂದ, ಕೆಮ್ಮು ಬಂತು. "ಹೋಗ..." ಅಂದ, ಕೈ ಮತ್ತೆ ಮೂತಿ ಸವರೋಕೆ ಹೋಯ್ತು. ಬೆನ್ನು ತಿರುಗಿಸಿ ನಿಂತು ಅಂದ, ಬಾಯಿಗೆ ಬಂದದ್ದು "ಹೋಗಿ ಬಾ." ನೀವು ನಗ್ತೀರಿ. ಬಳೆ ಮಾರೋಕೆ ಬಂದ ಬಳೆಗಾರನಿಗೂ ಹೋಗಿ ಬಾ ಅನ್ನೋ ಜನ ನಾವು. ಇಪ್ಪತ್ತೆರಡು ವರ್ಷ ಜೊತೆಗಿದ್ದೋಳಿಗೆ ಬರೀ ಹೋಗು ಅಂತ ಯಾವ ಬಾಯಲ್ಲಿ ಅನ್ನೋದು?

ಕಡೆಗೆ ಬೋರಯ್ಯ, "ಈ ಸಲ ನಾನೇ ಬಿಟ್ಟು ಬರ್ತೀನಿ" ಅಂತ ದೋಣಿ ಹತ್ತಿ ಎಡಗಡೆ ಕೂತ. ಸಾಕಮ್ಮ ಹುಟ್ಟು ಹಾಕಿದಳು. ಅವಳ ಊರಲ್ಲಿ ಇಳಿದು, ಮರಳ ಮೇಲೆ ಹುಟ್ಟಿದ ಆ ಕೂಸನ್ನ ನೋಡಿದ, ಉಂಡ, ಹೊರಡೋಕೆ ಮುಂಚೆ ದಡಕ್ಕೆ ಬಂದ. ಇಲ್ಲಾದರೂ ಹೋಗು ಅನ್ನೋಣ ಅಂತ ಬಾಯಿ ತೆಗೆದ. ಆದರೆ ಈಗ ಹೊರಟಿರೋದು ಯಾರು? ದೋಣಿಯಲ್ಲ, ಅವನು. ಹೊರಡೋರು ಏನಂತಾರೆ?

"ಹೋಗಿ ಬರ್ತೀನಿ ಕಣೇ ಹೊನ್ನಿ" ಅಂದ.

ಅಷ್ಟೇ ನೋಡಿ. ಮೂರು ದಿನ ಕಳೀತು, ಆರು ದಿನ ಕಳೀತು, ಹೊನ್ನಿ ಅಲ್ಲಾಡಲಿಲ್ಲ. ಬರ್ತೀನಿ ಅಂದೋನು ಅವನು, ಕಾಯೋಳು ಅವಳು.

ಬರ್ತೀನಿ ಅಂದ ಮೇಲೆ ಬರಬೇಕಲ್ಲ? ವಾರಕ್ಕೊಂದು ಸಲ ಬೋರಯ್ಯ ನಡಕೊಂಡು ಬರೋನು. ಎಡಗಡೆ ಕೂತು, ಹುರಿಗಾಳು ತಿಂತಾ, ಹೊನ್ನಿಗೆ ಹರಿಗೋಲಿನ ಕತೆ, ಮಾವಿನ ದೋಣಿ ಕತೆ ಹೇಳೋನು. ಹೊರಡೋವಾಗ ಹೋಗಿ ಬರ್ತೀನಿ ಅನ್ನೋನು. ಹಿಂಗೆ ಆರು ವರ್ಷ.

ಒಂದು ವಾರ ಬರಲಿಲ್ಲ. ಹೊನ್ನಿಯ ಮೂತಿ ಮೇಲುಹೊಳೆ ಕಡೆ ತಿರುಗಿತು. ಎರಡನೇ ವಾರವೂ ಇಲ್ಲ. ಹಗ್ಗ ಬಿಗಿಯಾಯ್ತು. ಮೂರನೇ ವಾರ ಹಗ್ಗದ ಎಳೆ ಒಂದೊಂದೇ ಕಿತ್ತುಕೊಳ್ಳತೊಡಗಿತು. ಸಾಕಮ್ಮ ಗಾಬರಿಯಲ್ಲಿ ನಿಂತಿದ್ದಾಗ, ಹೊಳೆದಾರಿಯಲ್ಲಿ ಯಾರೋ ಕೋಲೂರಿಕೊಂಡು ಬಂದರು. ಚೆನ್ನಾಜಮ್ಮ. ಹಣೆ ಖಾಲಿ.

ಸಾಕಮ್ಮನಿಗೆ ಅಳು ತಡೆಯೋಕಾಗಲಿಲ್ಲ. ಚೆನ್ನಾಜಮ್ಮ ಅವಳ ಬೆನ್ನು ಸವರಿ, ಸೀದಾ ದೋಣಿ ಹತ್ತಿರ ಹೋದಳು.

"ಎಳೀಬೇಡ ಕಣೇ ಸವತಿ. ಅವನು ಇನ್ನು ಅಲ್ಲೂ ಇಲ್ಲ. ಬರ್ತೀನಿ ಅಂತ ನಿನಗೆ ಮಾತು ಕೊಟ್ಟಿದ್ದ. ಅವನ ಮಾತು ಸುಳ್ಳಾಗಬಾರದು ಅಂತ ನಾನು ಬಂದೆ."

ಕಷ್ಟಪಟ್ಟು ಹತ್ತಿ, ಅವನು ಕೂರುತ್ತಿದ್ದ ಕಡೆ ಕೂತಳು. ದೋಣಿ ಮೆಲ್ಲಗೆ ಎಡಕ್ಕೆ ವಾಲಿತು. "ಹೌದಲ್ಲೇ, ವಾಲ್ತೀಯ" ಅಂದಳು. ಹಗ್ಗ ಸಡಿಲವಾಯ್ತು. ಮಡಿಲಿಂದ ಹುರಿಗಾಳು ತೆಗೆದು, ಹೊತ್ತಿಳಿಯೋ ತನಕ ಇಬ್ಬರೂ ಅವನ ವಿಷಯವೇ ಮಾತಾಡಿದರು. ಒಬ್ಬಳು ಆಡಿದಳು, ಇನ್ನೊಬ್ಬಳು ಕೇಳಿದಳು. ಇಳಿದು ಹೊರಡೋವಾಗ ಚೆನ್ನಾಜಮ್ಮ ಆ ಮೂತಿ ಸವರಿ, "ಹೋಗಿ ಬರ್ತೀನಿ" ಅಂದಳು.

ಕತೆ ದಡ ಮುಟ್ಟಿತು, ಹುಟ್ಟು ಒಳಗಿಟ್ಟೆ. ಏಳ್ರಪ್ಪ, ನಿಮ್ಮ ನಿಮ್ಮ ಮನೆಗೆ ಹೊರಡಿ. ಹೊರಡೋವಾಗ ಏನನ್ನಬೇಕು ಅಂತ ಇನ್ನೂ ನಾನೇ ಹೇಳಿಕೊಡಬೇಕಾ?