ಬಲಗಡೆಯ ಹಿಡಿಕೆ

ದೀಪ ಸ್ವಲ್ಪ ಸಣ್ಣದು ಮಾಡಿ... ಹಾಂ, ಅಷ್ಟು ಸಾಕು. ಇದು ಯಾರೋ ಎಲ್ಲೋ ಹೇಳಿದ್ದಲ್ಲ, ನಮ್ಮ ಮನೆತನದಲ್ಲೇ ನಡೆದದ್ದು. ಸಾವಿರದ ಎಂಟುನೂರ ತೊಂಬತ್ತಮೂರು. ಅಮೆರಿಕದ ಒಹಾಯೋ ನದಿಯ ದಂಡೆಯಲ್ಲಿ ಒಂದು ಪುಟ್ಟ ಕಾಲೇಜು. ನವೆಂಬರ್ ಕೊನೆ, ಬೇಗ ಕತ್ತಲಾಗುವ ಕಾಲ.

ಫುಟ್‌ಬಾಲ್ ಕೋಚ್ ಎಮರಿ ಟ್ರಸ್ಕ್ ಅಭ್ಯಾಸ ಮುಗಿಸಿ, ತಮ್ಮ ಜೂಡ್‌ನ ಜೊತೆ ಮನೆಗೆ ಹೊರಟಿದ್ದ. ದಾರಿಯಲ್ಲಿ ಎಲ್ಮ್ ಮರದ ಕೆಳಗೆ ಹಳೇ ಬಾವಿ, ಅದಕ್ಕೊಂದು ಕಬ್ಬಿಣದ ಕೈಪಂಪು. ಅಲ್ಲಿಗೆ ಬಂದಾಗ...

ಕಿರ್ರ್... ಕಿರ್ರ್...

ಬಿಗಿದ ತೊಗಲನ್ನು ಜಗ್ಗಿದರೆ ಬರುತ್ತದಲ್ಲ, ಆ ಸದ್ದು. ಎಮರಿಯ ಅಪ್ಪ ಕುದುರೆ ಜೀನು ಹೊಲಿಯುತ್ತಿದ್ದವನು. ಮಗನ ಕಿವಿ ಅದನ್ನು ತಪ್ಪು ತಿಳಿಯುವ ಹಾಗೇ ಇರಲಿಲ್ಲ.

“ಅಣ್ಣ, ಹಿಂದಿಂದ ಎಳೀಬೇಡ,” ಅಂದ ಜೂಡ್.

“ನಾನು ನಿನ್ನ ಮುಂದಿದೀನಲ್ಲೋ.”

ಜೂಡ್ ನಿಂತುಬಿಟ್ಟ. “ಹಾಗಾದ್ರೆ... ನನ್ನ ಹಿಡಿಕೆ ಹಿಡ್ಕೊಂಡಿರೋದು ಯಾರು?”

ಈ ಹಿಡಿಕೆಯ ವಿಷಯ ಹೇಳಲೇಬೇಕು. ಆಗಿನ ಆಟದಲ್ಲಿ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಒಬ್ಬ ನುಗ್ಗಬೇಕು. ಉಳಿದ ಹತ್ತು ಜನ ಅವನನ್ನು ಎಳೆದು, ನೂಕಿ, ಎದುರಾಳಿಗಳ ನಡುವೆ ತೂರಿಸಬೇಕು. ಎಳೆಯಲು ಸುಲಭವಾಗಲೆಂದು ಅವನ ಷರಾಯಿಯ ಎರಡೂ ಪಕ್ಕಕ್ಕೆ ತೊಗಲಿನ ಹಿಡಿಕೆ ಹೊಲಿಯುತ್ತಿದ್ದರು, ಪೆಟ್ಟಿಗೆಗೆ ಇರುತ್ತದಲ್ಲ ಹಾಗೆ. ಎಮರಿ ತಾನೇ ಮೇಣದ ದಾರದಲ್ಲಿ ಹೊಲಿಯುತ್ತಿದ್ದ. ಅವನ ಹೊಲಿಗೆ ಕಿತ್ತುಬಂದದ್ದೇ ಇಲ್ಲ.

ಹಿಂದಿನ ವರ್ಷ ಚೆಂಡು ಹಿಡಿಯುತ್ತಿದ್ದ ಹುಡುಗ ಲೈಲ್ ಹ್ಯಾಚ್. ಅವನು ಒಂದು ಸಂಜೆ ಇದೇ ಬಾವಿಯ ಹತ್ತಿರ ಬಂದು, “ಸರ್, ಬೆನ್ನು ಸೆಳೀತಿದೆ, ಹಿಡಿಕೆ ಬಿಚ್ಚಿಬಿಡ್ಲಾ?” ಅಂದಿದ್ದ. “ಗುರುವಾರದ ಆಟ ಆಗ್ಲಿ, ಆಮೇಲೆ ಬಿಚ್ಚು,” ಅಂದಿದ್ದ ಎಮರಿ. ಗುರುವಾರ ಎದುರಾಳಿಗಳು ಕಾಲು ಹಿಡಿದರು, ನಮ್ಮವರು ಹಿಡಿಕೆ ಹಿಡಿದು ಎಳೆದರು. ಹೊಲಿಗೆ ಬಿಡಲಿಲ್ಲ. ಬೆನ್ನುಮೂಳೆ ಬಿಟ್ಟಿತು. ಹುಡುಗ ಉಳಿಯಲಿಲ್ಲ.

ಈ ವರ್ಷ ಚೆಂಡು ಹಿಡಿಯಲು ಯಾರೂ ಒಪ್ಪಲಿಲ್ಲ. “ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರದ ಆಟ ಸೋತರೆ ನಿನ್ನ ಕೆಲಸವೂ ಇಲ್ಲ, ತಮ್ಮನ ಓದೂ ಇಲ್ಲ,” ಎಂದು ಪ್ರಿನ್ಸಿಪಾಲರು ಹೇಳಿಯಾಗಿತ್ತು. ಕೊನೆಗೆ ಜೂಡ್‌ನೇ ಮುಂದೆ ಬಂದ. “ನನ್ನ ತೂಕಕ್ಕೆ ಹಿಡಿಕೆ ಯಾಕಣ್ಣ, ಕಿವಿ ಹಿಡಿದು ಎಸೆದ್ರೂ ಸಾಕು,” ಎಂದು ನಗಾಡಿದ್ದ.

ಈಗ ಬಾವಿಯ ಹತ್ತಿರ ಅವನು ನಗಲಿಲ್ಲ. ಎಮರಿಯ ಕಿವಿಯ ಬುಡದಲ್ಲೇ ಯಾರೋ ಉಸಿರೆಳೆದರು. ಪಿಸುಮಾತು...

“ಬಿಚ್ಚಿಬಿಡ್ಲಾ, ಸರ್?”

ಎಮರಿ ಜೂಡ್‌ನ ರಟ್ಟೆ ಹಿಡಿದು ಓಡಿದ. ಮನೆಗೆ ಬಂದವನೇ ಷರಾಯಿ ಬಿಚ್ಚಿಸಿ, ತೊಡೆಯ ಮೇಲಿಟ್ಟುಕೊಂಡು, ಚಾಕು ತೆಗೆದ. ಗೆಲ್ಲದಿದ್ದರೆ ಏನಾಗುತ್ತದೆಂದು ಲೆಕ್ಕ ಹಾಕಿದ. ಆಮೇಲೆ ಚಾಕು ಒಳಗಿಟ್ಟು, ದಪ್ಪ ಸೂಜಿ ತೆಗೆದು, ಎರಡೂ ಹಿಡಿಕೆಗೆ ಇನ್ನೊಂದು ಸಾಲು ಹೊಲಿಗೆ ಹಾಕಿದ. ದೇವರಾಣೆ, ಹಾಗೇ ಮಾಡಿದ.

ಗುರುವಾರ. ಆಟ ಮುಗಿಯಲು ಒಂದೇ ನಿಮಿಷ. ಎರಡು ಅಂಕ ಹಿಂದೆ. ಚೆಂಡು ದಾಟಿಸಬೇಕಾದ ಗೆರೆ ನಾಲ್ಕು ಮಾರು ದೂರ. ಆಟ ನಡೆಯುವಾಗ ಕೋಚ್ ಅಂಚಿನಲ್ಲಿ ಬಾಯಿಮುಚ್ಚಿಕೊಂಡು ನಿಲ್ಲಬೇಕು. ಒಂದು ಮಾತಾಡಿದರೂ ತಂಡಕ್ಕೆ ದಂಡ.

ಜೂಡ್ ನುಗ್ಗಿದ. ದಬ್... ದಬ್... ಎದೆಗೆ ಎದೆ. ಎದುರಾಳಿಗಳು ಕಾಲು ಹಿಡಿದರು. ನಮ್ಮವರು ಹಿಡಿಕೆ ಹಿಡಿದು ಎಳೆದರು. ಕಿರ್ರ್... ಜೂಡ್‌ನ ಬೆನ್ನು ಬಿಲ್ಲಾಯಿತು. ಲೈಲ್‌ನದು ಆದ ಹಾಗೇ.

ಎಮರಿ ನಮ್ಮವರ ತಲೆ ಎಣಿಸಿದ. ಹನ್ನೊಂದಿರಬೇಕು. ಹನ್ನೆರಡಿತ್ತು. ಕೆಸರು ಮೆತ್ತಿದ ಉದ್ದ ಕೂದಲಿನ ತಲೆಯೊಂದು ಜೂಡ್‌ನ ಬಲಸೊಂಟಕ್ಕೆ ಬಾಗಿತ್ತು. ಅದು ಎಳೆಯುತ್ತಿರಲಿಲ್ಲ. ಸುಮ್ಮನೆ ಕಾಯುತ್ತಿತ್ತು... ಅಪ್ಪಣೆಗೆ ಕಾಯುವ ಹಾಗೆ.

“ಬಿಚ್ಚೋ,” ಎಂದು ಕೂಗಿದ ಎಮರಿ. “ಬಿಚ್ಚಿಬಿಡೋ, ಲೈಲ್.”

ಮೈದಾನವೆಲ್ಲ ಕೇಳಿತು. ಬಲಗಡೆಯ ಹಿಡಿಕೆ ಕಳಚಿಕೊಂಡಿತು, ಎಳೆಯುತ್ತಿದ್ದವರು ಮುಗ್ಗರಿಸಿಬಿದ್ದರು. ಜೂಡ್ ಕೆಸರಿಗೆ ಕುಸಿದ. ಸೀಟಿ ಊದಿದರು, ದಂಡ ಹಾಕಿದರು. ಆಟ ಹೋಯಿತು, ಶುಕ್ರವಾರ ಕೆಲಸವೂ ಹೋಯಿತು. ಅಣ್ಣ ತಮ್ಮ ಇಬ್ಬರೂ ಅಪ್ಪನ ಜೀನಿನ ಅಂಗಡಿ ಸೇರಿಕೊಂಡರು.

ಬಲಗಡೆಯ ಹಿಡಿಕೆ ಮೈದಾನದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಸಿಕ್ಕಿತು, ಬಾವಿಯ ಪಂಪಿಗೆ ನೇತುಹಾಕಿತ್ತು. ಮೇಣದ ದಾರ ಒಂದೆಳೆಯೂ ತುಂಡಾಗದೆ ಅದಕ್ಕೇ ನೀಟಾಗಿ ಸುತ್ತಿತ್ತು.

ನಂಬುವುದಿಲ್ಲವೇ? ಜೂಡ್ ನಮ್ಮಜ್ಜಿಯ ಅಪ್ಪ. ಅಂದು ಅವನ ಬೆನ್ನು ಮುರಿದಿದ್ದರೆ ನಿಮಗೆ ಈ ಕತೆ ಹೇಳಲು ನಾನೇ ಇರುತ್ತಿರಲಿಲ್ಲ. ಆ ಷರಾಯಿ ನಮ್ಮ ಮನೆಯಲ್ಲೇ ಇದೆ, ಹೊಲಿಗೆಯ ತೂತುಗಳನ್ನು ನಾನೇ ಬೆರಳಿಟ್ಟು ನೋಡಿದ್ದೇನೆ, ಒಂದೂ ಹರಿದಿಲ್ಲ. ಇನ್ನೊಂದು ಮಾತು. ಆ ಗುರುವಾರ ರಾತ್ರಿಯಿಡೀ ಮಳೆ ಸುರಿದಿತ್ತು. ಪಂಪು ತೊಯ್ದು ತೊಟ್ಟಿಕ್ಕುತ್ತಿತ್ತು. ಹಿಡಿಕೆ ಮಾತ್ರ ಒಣಗಿತ್ತು.